ಅಕ್ಷರಕ್ಕ ಮೂವತ್ತು

ವಾಡಿ ಜಂಕ್ಷನ್ನಿನ ಆಚೀ ಕಡೆ, ಗೂಡ್ಸು ನಿಲ್ಲೋ ಜಾಗದಾಗ
ನನ್ನ ತಗಡಿನ ಶೆಡ್ಡು. ಒಳಗ ಪರ್ಸಿ ಕಲ್ಲು,
ಒಂದರ ಮ್ಯಾಲ ಒಂದು, ಯಾರೂ ತೆರೀದ ಪುಸ್ತಕದಂಗ.
ಮನಿ ಹೆಸರು, ಗುಡಿ ದೇಣಿಗಿ, ದರ್ಗಾದ ಹೊಸ್ತಿಲು, ಗೋರಿ,
ಏನ ಇರಲಿ, ಅಕ್ಷರಕ್ಕ ಮೂವತ್ತು.

ಡೋರಿನ್ ಮಿಸ್ ಬಂದದ್ದು ಮಧ್ಯಾಹ್ನ ಮೂರಕ್ಕ, ಛತ್ರಿ ಹಿಡಕೊಂಡು.
ರೈಲ್ವೆ ಸಾಲ್ಯಾಗ ನನಗ ಲೆಕ್ಕ ಕಲಿಸಿದಾಕಿ.
ತಮ್ಮ ಸಿರಿಲ್ ಹೋಗಿ ನಲವತ್ತು ದಿನ.
ನಾಕು ಮಡಿಕಿ ಮಾಡಿದ ಕಾಗದ ಬಿಚ್ಚಿ ಕೊಟ್ಟಳು.
ಅದರಾಗ ಅಡ್ಡಹೆಸರು, ಹನ್ನೆರಡು ಇಂಗ್ಲಿಷ್ ಅಕ್ಷರ:
ಥಾರ್ನ್‌ಥ್ವೇಟ್.

ನಮ್ಮ ನಾಲಿಗಿ ಮ್ಯಾಲ ಅದು ಎಂದೂ ನಿಂದರಲಿಲ್ಲ.
ತಾರಂತೆಟ್ಟ ಮಿಸ್ ಅಂದೆವು, ತಾರತಟ್ಟಿ ಅಂದೆವು.
ಪೋಸ್ಟಮನ್ ನಬೀಲಾಲ "ತೇರಾ ಥೈಲಾ" ಅಂತ ಕೂಗಿ ಪತ್ರ ಒಗೀತಿದ್ದ.
ರೇಷನ್ ಕಾರ್ಡಿನಾಗ ತರನತವಟೆ,
ಓಟಿನ ಯಾದಿಯಾಗ ತೋರಣವಾಟ.
ಆಕಿ ಎಲ್ಲಕ್ಕೂ ಹೂಂ ಅಂದಾಕಿ.

"ಕನ್ನಡದಾಗ ಕೆತ್ತಿದರ ನಾಕರಾಗ ಮುಗೀತದ ಮಿಸ್,
ನೂರಿಪ್ಪತ್ತು." ಲೆಕ್ಕ ಆಕೀನ ಕಲಿಸಿದ್ದು.
ನಕ್ಕಳು. ಹಲ್ಲಿನ ಸೆಟ್ಟು ಸರಿ ಮಾಡಿಕೊಂಡಳು.
"ಬಿಡೋ ಮೋನಪ್ಪ. ಈ ಹೆಸರಿಗೆ ಇದ ಕಡೀ ಕಲ್ಲು. ಪೂರಾ ಕೆತ್ತು.
ತುದೀ ಅಕ್ಷರ ಮಾತಾಡಂಗಿಲ್ಲ, ಆದರೂ ಕೆತ್ತು."

ಮಾತಾಡದ ಅಕ್ಷರ!
ನಮ್ಮ ಕಡೆ ಸಾಲಿನಾಗ ಕೂತವರೆಲ್ಲಾ ಒದರಲೇಬೇಕು.

"ಅರ್ಥ ಏನ್ರಿ ಇದರದು?"
ಸಾಲ್ಯಾಗ ಕೇಳಬೇಕಾದದ್ದು ಈಗ ಕೇಳಿದೆ.
ಆಕಿ ಕಲ್ಲಿನ ಮ್ಯಾಲ ಕೂತಳು.
"ಥಾರ್ನ್ ಅಂದ್ರ ಮುಳ್ಳು. ಥ್ವೇಟ್ ಮೊದಲಿಗೆ ಇಂಗ್ಲಿಷರದೇ ಅಲ್ಲ,
ಬಡಗಣ ಸಮುದ್ರ ದಾಟಿ ಹಡಗಿನಾಗ ಬಂದವರ ಮಾತು.
ಕಾಡು ಕಡದು ಹಸನ ಮಾಡಿದ ನೆಲ.
ಅಲ್ಲೆಲ್ಲೋ ಗುಡ್ಡದ ಬುಡಕ ಆ ಹೆಸರಿನ ಹಳ್ಳಿ ಅದ ಅಂತ. ನಾ ನೋಡಿಲ್ಲ.
ನಮ್ಮ ಮುತ್ಯಾನ ಮುತ್ಯಾ ಹಳಿ ಹಾಸಲಿಕ್ಕೆ ಬಂದ,
ಈ ಬಿಸಲಾಗ ಕೆಂಪಾದ, ಆಮ್ಯಾಲ ಕರ್ರಗಾದ, ಇಲ್ಲೇ ಉಳದ."

ಉಳಿ ಕೆಳಗಿಟ್ಟೆ.
ನನ್ನ ಆಧಾರ ಕಾರ್ಡಿನಾಗ ಏನದ? ಮೋನಪ್ಪ ಜಾಲಿಹಾಳ.
ಹಾಳ ಅಂದ್ರ ಹಳ್ಳಿ ಅಂತಾರ ಓದಿದವರು.
ನಮ್ಮವ್ವ ಒಪ್ಪತಿದ್ದಿಲ್ಲ: ಹಳ್ಳಿ ಅಲ್ಲೋ ಹುಚ್ಚಾ, ಹಾಳು.
ಹೊಲ ಬಿಟ್ಟು ಮಂದಿ ಹೋದರು, ಜಾಲಿ ಬಂದು ಕೂತಿತು.

"ಮಿಸ್, ನಿಮ್ಮವರು ಮುಳ್ಳು ಕಡದಲ್ಲಿ ಹೆಸರು ತಗೊಂಡರು,
ನಮ್ಮವರು ಮುಳ್ಳು ಬೆಳದಲ್ಲಿ."
ಆಕಿ ಬಹಳ ಹೊತ್ತು ಏನೂ ಅನಲಿಲ್ಲ.
ಮುಂಬೈ ಕಡಿಂದ ಗಾಡಿ ಬಂತು, ತಗಡು ನಡುಗಿತು.
"ಹಂಗಾದ್ರ ನಡಬರಕ ಒಂದ ಹೊಲ ಇತ್ತಲ್ಲೋ," ಅಂದಳು.

ಅಡ್ಡಹೆಸರು ನಟ್ಟನಡುವ. ಮ್ಯಾಲ ಸಿರಿಲ್.
ಕೆಳಗ ಒಂದು ಗೇಣು ಖಾಲಿ ಬಿಡಬೇಕಂತ.
"ಇಬ್ಬರಿಗೂ ಒಂದ ಸಾಕು, ಎರಡೆರಡು ಸಲ ಯಾಕ ಖರ್ಚು?"
ಲೆಕ್ಕದ ಮಿಸ್.

ಎಂಟು ದಿನ ಹಿಡೀತು.
ಮಾತಾಡದ ಅಕ್ಷರಕ್ಕ ರೊಕ್ಕ ತಗೊಳ್ಳಲಿಲ್ಲ.
ಅದನ್ನ ಉಳದ ಹನ್ನೊಂದಕ್ಕಿಂತ ಆಳ ಇಳಿಸೀನಿ, ಯಾರಿಗೂ ಹೇಳಿಲ್ಲ.

ಕಲ್ಲು ಹೇರಿಕೊಂಡು ಹೋದರ ಅಲ್ಲಿ ಕಾಲಿಡಲಿಕ್ಕೆ ಜಾಗಿಲ್ಲ,
ಗೋರಿಗೋಳ ಮ್ಯಾಲೆಲ್ಲಾ ಸರಕಾರಿ ಜಾಲಿ, ಎದಿಮಟ್ಟ.
ಆಟೋ ತಿರುಗಿಸಿ ಮನಿಯಿಂದ ಕೊಡಲಿ ತಂದೆ.
ನಾನೂ ಹುಡುಗ ಬಸಲಿಂಗನೂ ಕಡದಿವಿ,
ಹೊತ್ತು ಮುಣುಗೂತನಕ, ಅಂಗೈ ತುಂಬ ಮುಳ್ಳು.
ಆರು ಅಡಿ ಉದ್ದ, ಆಕಿದೂ ಸೇರಿಸಿ ಏಳು ಅಡಿ ಅಗಲ.
ಕಸಬರಿಗಿ ಹೊಡದ ಮ್ಯಾಲ ಕರೀ ಮಣ್ಣು ಕಂಡಿತು.

ಬೇರು ಕೀಳಲಿಕ್ಕೆ ಆಗಲಿಲ್ಲ.
ಮೊದಲ ಮಳಿಗೆ ಚಿಗೀತದ, ಮತ್ತ ಬರತೀನಿ, ಅಂದೆ.
ಕಡಿಯೂದಕ್ಕ ಏನ ರೇಟೋ, ಅಂದಳು ಮಿಸ್,
ಬಿಸಲಿಲ್ಲದ ಹೊತ್ತಿನಾಗ ಛತ್ರಿ ಬಿಚ್ಚಿಕೋತ.